95ರಲ್ಲಿ ನಡುಗುವ ಸ್ಟೀರಿಂಗ್: ಮಾಮೂ ಕಲಿಸಿದ ಲೆಕ್ಕ

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)

ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ಮೇಲೆ ನಾನು ಒಂದು ತಿಂಗಳು ಶಾರ್ಜಾದಲ್ಲಿ ಮಾಮೂ ಮನೆಯಲ್ಲಿದ್ದೆ. ಮಾಮೂ ಅಲ್ಲಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಗ್ಯಾರೇಜಿನಲ್ಲಿ ಹದಿನೆಂಟು ವರ್ಷದಿಂದ ಮೆಕ್ಯಾನಿಕ್. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವರು. ಬೆಳಿಗ್ಗೆ ಅವರ ಜೊತೆ ಹೋಗಿ, ಒಂದು ಸ್ಟೂಲ್ ಹಾಕಿಕೊಂಡು ಕೂತು, ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವವರೆಗೆ ನೋಡುವುದೇ ನನ್ನ ಕೆಲಸವಾಗಿತ್ತು. ಅಲ್ಲಿ ನೋಡಿದ ಒಂದು ಕಾರಿನ ವಿಷಯವನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾರು ನಮ್ಮ ದೇಶದ್ದಲ್ಲ. ಆದರೆ ಅದಕ್ಕೆ ಬಂದ ಕಾಯಿಲೆ ನಮ್ಮ ಮನೆಯ ಓಮ್ನಿಗೂ ಬಂತು. ನಿಮ್ಮ ಮನೆಯ ಗಾಡಿಗೂ ಒಂದು ದಿನ ಬರಬಹುದು.

ಆ ಕಾರು ಮಜ್ದಾ ಎಂಎಕ್ಸ್-5. ಮಜ್ದಾ ಎಂದರೆ ನಮಗೆ ನೆನಪಾಗುವುದು ಸ್ವರಾಜ್ ಮಜ್ದಾ ಮಿನಿ ಬಸ್ಸು. ಇದು ಅದೇ ಜಪಾನಿ ಕಂಪನಿಯ ಪುಟ್ಟ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಬಟ್ಟೆಯ ಮೇಲ್ಛಾವಣಿ, ಸ್ವಿಚ್ ಒತ್ತಿದರೆ ಕಪ್ಪೆಯ ಕಣ್ಣಿನ ಹಾಗೆ ಮೇಲೆ ಏಳುವ ಹೆಡ್‌ಲೈಟು. 1989ರಲ್ಲಿ ಷಿಕಾಗೋ ಮೋಟಾರು ಪ್ರದರ್ಶನದಲ್ಲಿ ಇದನ್ನು ಮೊದಲು ತೋರಿಸಿದರು. ಪ್ರಪಂಚದಲ್ಲಿ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಎಂದು ಗಿನ್ನೆಸ್ ಪುಸ್ತಕದಲ್ಲಿ ಇದರ ಹೆಸರಿದೆ. 2016ರಲ್ಲಿ ಹತ್ತು ಲಕ್ಷದ ಕಾರು ತಯಾರಾಯಿತು. ನಾನು ನೋಡಿದ್ದು ತೊಂಬತ್ತರ ದಶಕದ ಮೊದಲ ಮಾದರಿ. ತೂಕ ಒಂದು ಟನ್‌ಗಿಂತ ಸ್ವಲ್ಪ ಕಡಿಮೆ. ಇಷ್ಟು ಹಗುರವಾದ, ನೆಲಕ್ಕೆ ಹತ್ತಿರವಾದ ಕಾರಿನಲ್ಲಿ ರಸ್ತೆಯ ಸಣ್ಣ ಸುದ್ದಿಯೂ ನೇರವಾಗಿ ಕೈಗೆ ಬರುತ್ತದೆ. ದೊಡ್ಡ ಕಾರಿನಲ್ಲಿ ಗೊತ್ತೇ ಆಗದ ತಪ್ಪು ಇದರಲ್ಲಿ ಎದ್ದು ಕಾಣುತ್ತದೆ.

ಮಾಲೀಕರು ಈಜಿಪ್ಟಿನವರು, ಅಲ್ಲಿನ ಒಂದು ಶಾಲೆಯಲ್ಲಿ ಮೇಷ್ಟ್ರು. ಗಂಟೆಗೆ 85 ಕಿ.ಮೀ. ದಾಟಿದರೆ ಸ್ಟೀರಿಂಗ್ ನಡುಗಲು ಶುರು, 95ರಲ್ಲಿ ಕೈ ಜುಮ್ಮೆನ್ನುವಷ್ಟು ಜೋರು, 115 ದಾಟಿದರೆ ಸ್ವಲ್ಪ ಕಡಿಮೆ. ನಾಲ್ಕು ತಿಂಗಳಿಂದ ಇದೇ ಗೋಳು. ಮೂರು ಸಲ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದ್ದರು. ಒಂದು ಕಡೆ ಹೇಳಿದರೆಂದು ಬ್ರೇಕ್ ಡಿಸ್ಕ್ ಬದಲಾಯಿಸಿ 600 ದಿರ್ಹಮ್ ಕೊಟ್ಟಿದ್ದರು. ಇನ್ನೊಂದು ಕಡೆ "ಹಳೆ ಗಾಡಿ, ಸ್ಟೀರಿಂಗ್ ರ‍್ಯಾಕ್ ಹೋಗಿದೆ, ಟೈ ರಾಡ್ ಸಮೇತ ಎಲ್ಲ ಬದಲಾಯಿಸಬೇಕು" ಎಂದು 2,400 ದಿರ್ಹಮ್ ಅಂದಾಜು ಬರೆದುಕೊಟ್ಟಿದ್ದರು. ಆ ಚೀಟಿ ಹಿಡಿದುಕೊಂಡೇ ಮಾಮೂ ಹತ್ತಿರ ಬಂದಿದ್ದರು. "ನೀವೂ ಇದನ್ನೇ ಹೇಳಿದರೆ ಕಾರು ಮಾರಿಬಿಡುತ್ತೇನೆ" ಎಂದರು.

ಗ್ಯಾರೇಜಿನ ಸೇಠ್ ಚೀಟಿ ನೋಡಿ ಖುಷಿಯಾದರು. ಅಷ್ಟು ದೊಡ್ಡ ಕೆಲಸ ಕಾಲಿಗೆ ತೊಡರಿಕೊಂಡು ಬಂದಿತ್ತಲ್ಲ! ಮಾಮೂ ಮಾತ್ರ ಬಾನೆಟ್ ಕೂಡ ತೆಗೆಯಲಿಲ್ಲ. ಒಂದು ಟೀ ತರಿಸಿ ಮೇಷ್ಟ್ರನ್ನು ಕೂರಿಸಿ ಪ್ರಶ್ನೆ ಕೇಳಲು ಶುರು ಮಾಡಿದರು. ನನ್ನ ಕಡೆ ತಿರುಗಿ, "ಪೈಲೆ ಪೂಛ್ ಬೇಟಾ, ಬಾದ್ ಮೆ ಪಾನಾ ಪಕಡ್" ಎಂದರು. ಮೊದಲು ಕೇಳು, ಆಮೇಲೆ ಪಾನಾ ಹಿಡಿ.

ಚಕ್ರ ಯಾಕೆ ನಡುಗುತ್ತದೆ?

ಪ್ರಶ್ನೆಗಳಿಗೆ ಹೋಗುವ ಮೊದಲು ನಡುಕ ಹುಟ್ಟುವುದು ಹೇಗೆ ಎಂದು ತಿಳಿದುಕೊಳ್ಳೋಣ. ಫಿಸಿಕ್ಸ್ ಬಿಟ್ಟು ಎರಡು ವರ್ಷವಾದ ನನಗೇ ಅರ್ಥವಾಗಿದೆ, ನಿಮಗೂ ಆಗುತ್ತದೆ.

ಚಕ್ರದ ಒಂದು ಬದಿ ಇನ್ನೊಂದು ಬದಿಗಿಂತ ಸ್ವಲ್ಪ ಭಾರ ಇದೆ ಎಂದಿಟ್ಟುಕೊಳ್ಳಿ, 20 ಗ್ರಾಂ ಮಾತ್ರ. ನಾಲ್ಕು ಐದು ರೂಪಾಯಿ ನಾಣ್ಯದಷ್ಟೂ ಇಲ್ಲ. ಕಾರು ನಿಂತಾಗ ಅದು ಲೆಕ್ಕಕ್ಕಿಲ್ಲ. ಓಡುವಾಗ ಆ 20 ಗ್ರಾಂ ಸುತ್ತುತ್ತಾ ಚಕ್ರವನ್ನು ಹೊರಕ್ಕೆ ಎಳೆಯುತ್ತದೆ. ಹಗ್ಗಕ್ಕೆ ಕಲ್ಲು ಕಟ್ಟಿ ತಿರುಗಿಸಿದರೆ ಕೈ ಎಳೆಯುತ್ತದಲ್ಲ, ಹಾಗೆ. ಆ ಕಾರಿನ ಟೈರಿನ ಸುತ್ತಳತೆ ಸುಮಾರು 1.81 ಮೀಟರ್. ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ 27.8 ಮೀಟರ್. ಭಾಗಿಸಿದರೆ ಚಕ್ರ ಸೆಕೆಂಡಿಗೆ 15 ಸುತ್ತಿಗಿಂತ ಸ್ವಲ್ಪ ಹೆಚ್ಚು ಸುತ್ತುತ್ತದೆ. ಊರಿಗೆ ಬಂದ ಮೇಲೆ ನಮ್ಮ ಕಾಲೇಜಿನ ಫಿಸಿಕ್ಸ್ ಸರ್ ಹತ್ತಿರ ಸೂತ್ರ ಕೇಳಿ ಲೆಕ್ಕ ಹಾಕಿದೆ. 15 ಇಂಚಿನ ರಿಮ್ಮಿನ ಅಂಚಿನಲ್ಲಿರುವ 20 ಗ್ರಾಂ, 100ರ ವೇಗದಲ್ಲಿ ಸುಮಾರು 3.6 ಕೆ.ಜಿ. ತೂಕದಷ್ಟು ಬಲದಿಂದ ಎಳೆಯುತ್ತದೆ. 50ರ ವೇಗದಲ್ಲಿ ಅದೇ 20 ಗ್ರಾಂ ಎಳೆಯುವುದು 0.9 ಕೆ.ಜಿ.ಯಷ್ಟು. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ನಿಧಾನಕ್ಕೆ ಹೋದಾಗ ಏನೂ ಇಲ್ಲ, ವೇಗ ಹೆಚ್ಚಿದಾಗ ಜೋರು ಎನ್ನುವುದಕ್ಕೆ ಇದೇ ಕಾರಣ.

ಹಾಗಾದರೆ 115 ದಾಟಿದ ಮೇಲೆ ಕಡಿಮೆ ಆಗುವುದು ಯಾಕೆ? ಜೋಕಾಲಿ ನೆನಪಿಸಿಕೊಳ್ಳಿ. ಜೋಕಾಲಿ ಹಿಂದೆ ಬರುವ ಹೊತ್ತಿಗೆ ಸರಿಯಾಗಿ ಒಂದೊಂದು ಬೆರಳಿನಿಂದ ತಳ್ಳಿದರೂ ಅದು ಎತ್ತರಕ್ಕೆ ಹೋಗುತ್ತದೆ. ಹೊತ್ತು ತಪ್ಪಿಸಿ ಜೋರಾಗಿ ತಳ್ಳಿದರೂ ಅಷ್ಟು ಹೋಗುವುದಿಲ್ಲ. ಸ್ಟೀರಿಂಗ್ ಮತ್ತು ಅದಕ್ಕೆ ಸೇರಿದ ರಾಡು, ರಬ್ಬರ್ ಬುಷ್ ಎಲ್ಲ ಸೇರಿ ಒಂದು ಜೋಕಾಲಿಯ ಹಾಗೆ. ಅದಕ್ಕೂ ತನ್ನದೇ ಆದ ತಾಳ ಇದೆ. ಚಕ್ರದ ಸುತ್ತಿನ ತಾಳ ಅದಕ್ಕೆ ಹೊಂದಿಕೊಂಡ ವೇಗದಲ್ಲಿ ನಡುಕ ಅತಿ ಹೆಚ್ಚು. ಆ ವೇಗ ದಾಟಿದರೆ ತಾಳ ತಪ್ಪುತ್ತದೆ, ನಡುಕ ಇಳಿಯುತ್ತದೆ. ತಪ್ಪು ಹೋಯಿತು ಎಂದಲ್ಲ. ಕೆಲವರು "ಸ್ಪೀಡಾಗಿ ಹೋದರೆ ಸರಿ ಹೋಗುತ್ತೆ" ಎಂದು ಇನ್ನೂ ಜೋರಾಗಿ ಓಡಿಸುತ್ತಾರೆ. ಇದು ಅಪಾಯದ ಬುದ್ಧಿ.

ಇಲ್ಲಿ ಒಂದು ಮಾತು ಮುಖ್ಯ. ನಡುಕ ಹುಟ್ಟಿಸುವುದು ಬೇರೆ, ನಡುಕವನ್ನು ದೊಡ್ಡದು ಮಾಡುವುದು ಬೇರೆ. ಸವೆದ ಬುಷ್, ಸಡಿಲವಾದ ಟೈ ರಾಡ್ ತಾವಾಗಿ ಸುತ್ತುವುದಿಲ್ಲ, ಹಾಗಾಗಿ ಇಂಥ ನಡುಕವನ್ನು ಹುಟ್ಟಿಸುವುದು ಅಪರೂಪ. ಆದರೆ ಚಕ್ರದಲ್ಲಿ ಹುಟ್ಟಿದ ಸಣ್ಣ ನಡುಕವನ್ನು ಅವು ದೊಡ್ಡದು ಮಾಡಿ ಕೈಗೆ ಮುಟ್ಟಿಸುತ್ತವೆ. ಮೂವತ್ತು ವರ್ಷದ ಕಾರಿನಲ್ಲಿ ಹುಡುಕಿದರೆ ಸವೆದ ರಬ್ಬರು ಸಿಕ್ಕೇ ಸಿಗುತ್ತದೆ. ಸಿಕ್ಕಿದ್ದೇ ಕಾರಣ ಎಂದು ಬದಲಾಯಿಸಿಬಿಟ್ಟರೆ ಹಣ ಹೋಗುತ್ತದೆ, ನಡುಕ ಅಲ್ಲೇ ಇರುತ್ತದೆ.

ಮಾಮೂ ಕೇಳಿದ ಪ್ರಶ್ನೆಗಳು

ಮೊದಲ ಪ್ರಶ್ನೆ: ನಡುಗುವುದು ಸ್ಟೀರಿಂಗೋ, ಸೀಟೋ? ಸ್ಟೀರಿಂಗ್ ನಡುಗಿದರೆ ಹೆಚ್ಚಾಗಿ ಮುಂದಿನ ಚಕ್ರ. ಸೀಟು, ನೆಲ ನಡುಗಿದರೆ ಹಿಂದಿನ ಚಕ್ರ. ಇದು ನೂರಕ್ಕೆ ನೂರು ನಿಯಮವಲ್ಲ, ಆದರೆ ಎಲ್ಲಿಂದ ಶುರು ಮಾಡಬೇಕು ಎಂದು ಹೇಳುತ್ತದೆ. ಮೇಷ್ಟ್ರು ಸ್ಟೀರಿಂಗ್ ಎಂದರು.

ಎರಡನೆಯದು: ಯಾವಾಗಲೂ ಇರುತ್ತದೋ, ಬ್ರೇಕ್ ಒತ್ತಿದಾಗ ಮಾತ್ರವೋ? ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕ್ ಡಿಸ್ಕ್ ಕಡೆ ನೋಡಬೇಕು. "ಡಿಸ್ಕ್ ಬೆಂಡಾಗಿದೆ" ಎಂದು ಎಲ್ಲರೂ ಹೇಳುತ್ತಾರೆ. ನಿಜವಾಗಿ ಹೆಚ್ಚು ಸಲ ಆಗಿರುವುದು ಡಿಸ್ಕಿನ ದಪ್ಪ ಒಂದೊಂದು ಕಡೆ ಒಂದೊಂದು ರೀತಿ ಸವೆದಿರುವುದು, ಅಥವಾ ಪ್ಯಾಡಿನ ವಸ್ತು ಅಲ್ಲಲ್ಲಿ ಅಂಟಿಕೊಂಡಿರುವುದು. ಕಣ್ಣಿಗೆ ಕಾಣದಷ್ಟು ಸಣ್ಣ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ. ಮೇಷ್ಟ್ರ ಕಾರು ಬ್ರೇಕ್ ಒತ್ತದೆಯೇ ನಡುಗುತ್ತಿತ್ತು. ಒತ್ತಿದರೂ ಹೆಚ್ಚಾಗುತ್ತಿರಲಿಲ್ಲ. ಅಂದರೆ ಆ 600 ದಿರ್ಹಮ್ ಸುಮ್ಮನೆ ಹೋಗಿತ್ತು.

ಮೂರನೆಯದು: ಎಷ್ಟು ವೇಗದಲ್ಲಿ? 20-30ರಲ್ಲೇ ಗಾಡಿ ಬಾತುಕೋಳಿಯ ಹಾಗೆ ಅತ್ತಿತ್ತ ಆಡಿದರೆ ಅದು ಬ್ಯಾಲೆನ್ಸ್ ತಪ್ಪಿದ್ದಲ್ಲ. ರಿಮ್ ಬಾಗಿರಬಹುದು, ಟೈರು ಉಬ್ಬಿರಬಹುದು. ಟೈರಿನ ಒಳಗಿನ ಪದರ ಬಿಟ್ಟುಕೊಂಡು ಉಬ್ಬಿದ್ದರೆ ಅದು ಯಾವಾಗ ಬೇಕಾದರೂ ಒಡೆಯಬಹುದು. ಅಂಥ ಗಾಡಿಯನ್ನು ಹೈವೇಗೆ ತೆಗೆದುಕೊಂಡು ಹೋಗಲೇಬಾರದು. ಬಹಳ ದಿನ ನಿಂತ ಗಾಡಿಯ ಟೈರು ನೆಲಕ್ಕೆ ತಾಗಿದ ಜಾಗದಲ್ಲಿ ಚಪ್ಪಟೆಯಾಗುವುದೂ ಉಂಟು. ಅದು ಸಾಮಾನ್ಯವಾಗಿ ಸ್ವಲ್ಪ ದೂರ ಓಡಿಸಿ ಟೈರು ಬಿಸಿಯಾದ ಮೇಲೆ ಸರಿಹೋಗುತ್ತದೆ.

ನಾಲ್ಕನೆಯದು: ಆ ವೇಗದಲ್ಲೇ ಕ್ಲಚ್ ಒತ್ತಿ ಎಂಜಿನ್ ಬಿಡಿಸಿದರೆ ಏನಾಗುತ್ತದೆ? ಎಂಜಿನ್ ಇಳಿದರೂ ನಡುಕ ಹಾಗೇ ಇದ್ದರೆ ಚಕ್ರದ ಕಡೆಯದು. ಎಂಜಿನ್ ಜೊತೆಗೇ ನಡುಕವೂ ಬದಲಾದರೆ ಎಂಜಿನ್ ಅಥವಾ ಅದರ ಮೌಂಟಿಂಗ್. ಎಂಎಕ್ಸ್-5ರಲ್ಲಿ ಎಂಜಿನ್ ಮುಂದೆ, ಓಡಿಸುವ ಚಕ್ರ ಹಿಂದೆ. ನಡುವೆ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಇದೆ. ಅದು ಚಕ್ರಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಸುತ್ತುವುದರಿಂದ ಅದರ ತಪ್ಪು ನಡುಕದ ಹಾಗಿರುವುದಿಲ್ಲ, ಜೇನುಹುಳದ ಗುಂಯ್ ಶಬ್ದದ ಹಾಗಿರುತ್ತದೆ.

ಐದನೆಯದು: ಯಾವಾಗಿನಿಂದ? ಅದಕ್ಕೆ ಸ್ವಲ್ಪ ಮುಂಚೆ ಗಾಡಿಗೆ ಏನಾಯಿತು? ಮಾಮೂ ಈ ಪ್ರಶ್ನೆಯನ್ನು ಮೂರು ರೀತಿಯಲ್ಲಿ ಕೇಳಿದರು. ಮೇಷ್ಟ್ರು ನೆನಪಿಸಿಕೊಂಡು ಹೇಳಿದ ಕಥೆ ಹೀಗಿತ್ತು. ನಾಲ್ಕು ತಿಂಗಳ ಹಿಂದೆ ಹೊಸ ಟೈರು ಹಾಕಿಸಿದರು. ನಡುಕ ಶುರುವಾಯಿತು. ಬ್ಯಾಲೆನ್ಸಿಂಗ್ ಮಾಡಿಸಿದರು, ಸರಿಹೋಗಲಿಲ್ಲ. ಎರಡನೇ ಸಲ ಮಾಡಿಸಿದರು, ಪೂರ್ತಿ ಸರಿಯಾಯಿತು. ಮೂರು ವಾರದ ಮೇಲೆ ಬ್ರೇಕ್ ಪ್ಯಾಡ್ ಬದಲಾಯಿಸಿದರು. ಮಾರನೇ ದಿನದಿಂದ ಮತ್ತೆ ನಡುಕ. ಹಾಗಾಗಿ ಬ್ರೇಕಿನ ಮೇಲೆ ಅನುಮಾನ ಬಂದು ಡಿಸ್ಕ್ ಬದಲಾಯಿಸಿದರು, ಇನ್ನೂ ಜೋರಾಯಿತು. ಮೂರನೇ ಸಲ ಬ್ಯಾಲೆನ್ಸಿಂಗ್ ಮಾಡಿಸಿದರು. ಮಶೀನು ನಾಲ್ಕೂ ಚಕ್ರಕ್ಕೆ ಸೊನ್ನೆ ತೋರಿಸಿತು. ನಡುಕ ಮಾತ್ರ ಸೊನ್ನೆ ಆಗಲಿಲ್ಲ.

ಮಾಮೂ ಟೀ ಲೋಟ ಕೆಳಗಿಟ್ಟು ನನ್ನನ್ನು ಕೇಳಿದರು: "ಈ ಎಲ್ಲದರಲ್ಲೂ ಒಂದೇ ಆಗಿರುವುದು ಏನು?"

ನನಗೆ ಗೊತ್ತಾಗಲಿಲ್ಲ. ಟೈರು ಬೇರೆ, ಪ್ಯಾಡ್ ಬೇರೆ, ಡಿಸ್ಕ್ ಬೇರೆ, ಬ್ಯಾಲೆನ್ಸಿಂಗ್ ಬೇರೆ.

"ಪ್ರತಿ ಸಲ ಚಕ್ರ ಬಿಚ್ಚಿ ಹಾಕಿದ್ದಾರೆ" ಎಂದರು ಮಾಮೂ. "ಬಿಚ್ಚಿ ಹಾಕಿದಾಗಲೆಲ್ಲ ನಡುಕ ಬದಲಾಗಿದೆ. ಹಾಗಾದರೆ ತಪ್ಪು ಚಕ್ರದ ಒಳಗೆ ಇಲ್ಲದಿರಬಹುದು. ಚಕ್ರ ಕೂರುವ ಜಾಗದಲ್ಲಿ ಇರಬಹುದು."

ರಸ್ತೆಯ ಮೇಲೆ, ಜಾಕಿನ ಮೇಲೆ

ಆದರೂ ಮಾಮೂ ನೇರವಾಗಿ ಅಲ್ಲಿಗೆ ಹೋಗಲಿಲ್ಲ. ಮೊದಲು ನಾಲ್ಕೂ ಟೈರಿನ ಗಾಳಿ ನೋಡಿದರು. ಟೈರಿನ ಪಕ್ಕದಲ್ಲಿ ಬರೆದಿರುವ ನಾಲ್ಕು ಅಂಕಿಯ ತಯಾರಿಕೆ ದಿನಾಂಕ ನೋಡಿದರು. ಉದಾಹರಣೆಗೆ 2319 ಎಂದಿದ್ದರೆ 2019ನೇ ವರ್ಷದ 23ನೇ ವಾರ. ನಿಮ್ಮ ಮನೆಯ ಗಾಡಿಯಲ್ಲೂ ಇದನ್ನು ಓದಬಹುದು. ಟೈರಿನ ಮೇಲೆ ಅಂಗೈ ಆಡಿಸಿ ಉಬ್ಬು ಇದೆಯೇ ನೋಡಿದರು. ರಿಮ್ಮಿನ ಒಳಬದಿಯಲ್ಲಿ ಬ್ಯಾಲೆನ್ಸಿಂಗಿಗೆ ಅಂಟಿಸಿದ ಸೀಸದ ತುಂಡು ಬಿದ್ದುಹೋಗಿದೆಯೇ ನೋಡಿದರು. ಬಿದ್ದಿದ್ದರೆ ಆ ಜಾಗದಲ್ಲಿ ಚೌಕಾಕಾರದ ಶುಭ್ರವಾದ ಗುರುತು ಕಾಣುತ್ತದೆ. ಎಲ್ಲ ಸರಿ ಇತ್ತು.

ಎರಡೇ ಸೀಟು, ಹಾಗಾಗಿ ಮೇಷ್ಟ್ರನ್ನು ಗ್ಯಾರೇಜಿನಲ್ಲೇ ಬಿಟ್ಟು ನಾನೂ ಮಾಮೂ ಮ್ಲೀಹಾ ಕಡೆಗೆ ಹೋಗುವ ರಸ್ತೆಗೆ ಹೋದೆವು. ಎರಡೂ ಬದಿ ಮರಳು, ನೇರವಾದ ರಸ್ತೆ. ಮೇಷ್ಟ್ರು ಹೇಳಿದ ಹಾಗೆಯೇ 85ಕ್ಕೆ ಶುರುವಾಯಿತು. 95ಕ್ಕೆ ಮಾಮೂ ಕೈಯ ಗಡಿಯಾರ ಕಟಕಟ ಅನ್ನುತ್ತಿತ್ತು. ಕ್ಲಚ್ ಒತ್ತಿದರು, ನಡುಕ ಹಾಗೇ ಇತ್ತು. ಮೆಲ್ಲಗೆ ಬ್ರೇಕ್ ಒತ್ತಿದರು, ಹೆಚ್ಚಾಗಲಿಲ್ಲ.

ವಾಪಸ್ ಬಂದು ಮುಂಭಾಗವನ್ನು ಜಾಕ್ ಏರಿಸಿ, ಕೆಳಗೆ ಸ್ಟ್ಯಾಂಡ್ ಕೊಟ್ಟರು. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಕೈ ಕೂಡ ಹಾಕಬೇಡ ಎಂದು ನನಗೆ ಎರಡು ಸಲ ಹೇಳಿದರು. ಚಕ್ರವನ್ನು ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲುಗಾಡಿಸಿದರು. ಅಲ್ಲಿ ಸಡಿಲ ಇದ್ದರೆ ಟೈ ರಾಡ್ ಎಂಡ್ ಅಥವಾ ರ‍್ಯಾಕ್ ಸವೆದಿದೆ ಎಂದು ಅರ್ಥ. 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಾಡಿಸಿದರು. ಅಲ್ಲಿ ಸಡಿಲ ಇದ್ದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಎರಡೂ ಗಟ್ಟಿಯಾಗಿತ್ತು. 2,400 ದಿರ್ಹಮ್ ಚೀಟಿಯಲ್ಲಿ ಬರೆದಿದ್ದ ರ‍್ಯಾಕ್‌ನಲ್ಲಿ ಏನೂ ತಪ್ಪಿರಲಿಲ್ಲ.

ಕೊನೆಗೆ ಚಕ್ರ ಬಿಚ್ಚಿದರು.

ಹತ್ತು ದಿರ್ಹಮ್ ಬಳೆ

ಆ ಕಾರಿನಲ್ಲಿದ್ದ ಅಲಾಯ್ ಚಕ್ರ ಕಂಪನಿಯದಲ್ಲ, ಹೊರಗೆ ಕೊಂಡಿದ್ದು. ಹೊರಗಿನ ಅಲಾಯ್ ಮಾಡುವವರು ಒಂದೇ ಚಕ್ರ ಬಹಳ ಕಾರುಗಳಿಗೆ ಹೊಂದಲಿ ಎಂದು ನಡುವಿನ ತೂತನ್ನು ದೊಡ್ಡದಾಗಿ ಇಡುತ್ತಾರೆ. ಈ ಚಕ್ರದ ತೂತು 67.1 ಮಿಲಿಮೀಟರ್. ಕಾರಿನ ಹಬ್, ಅಂದರೆ ಚಕ್ರ ಕೂರುವ ಗುಬುಟು, 54.1 ಮಿಲಿಮೀಟರ್. ನಡುವಿನ ಜಾಗ ತುಂಬಲು ಒಂದು ಬಳೆ ಹಾಕುತ್ತಾರೆ. ಅದಕ್ಕೆ ಹಬ್ ರಿಂಗ್ ಎನ್ನುತ್ತಾರೆ. ಮೂರು ಚಕ್ರದಲ್ಲಿ ಕಪ್ಪು ಪ್ಲಾಸ್ಟಿಕ್ ಬಳೆ ಇತ್ತು. ಮುಂದಿನ ಎಡಗಡೆ ಚಕ್ರದಲ್ಲಿ ಇರಲಿಲ್ಲ. ಟೈರು ಬದಲಾಯಿಸುವಾಗ ಎಲ್ಲೋ ಬಿದ್ದುಹೋಗಿರಬೇಕು.

ಬಳೆ ಇಲ್ಲದಿದ್ದರೆ ಚಕ್ರವನ್ನು ನಡುವೆ ಕೂರಿಸುವುದು ನಟ್ಟುಗಳು ಮಾತ್ರ. ಜಾಗ್ರತೆಯಿಂದ ಹಾಕಿದರೆ ಸರಿಯಾಗಿ ಕೂರುತ್ತದೆ. ಅವಸರದಲ್ಲಿ ಗನ್ನಿನಿಂದ ಒಂದೇ ನಟ್ಟನ್ನು ಪೂರ್ತಿ ಬಿಗಿದುಬಿಟ್ಟರೆ ಚಕ್ರ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದು ಅಲ್ಲೇ ಕಚ್ಚಿಕೊಳ್ಳುತ್ತದೆ. ಎರಡನೇ ಸಲ ಬ್ಯಾಲೆನ್ಸಿಂಗ್ ಮಾಡಿದಾಗ ಸರಿಯಾಗಿದ್ದು ಬ್ಯಾಲೆನ್ಸಿಂಗಿನಿಂದ ಅಲ್ಲ. ಆ ದಿನ ಹಾಕಿದವನು ಅದೃಷ್ಟಕ್ಕೆ ನೆಟ್ಟಗೆ ಕೂರಿಸಿದ್ದ.

ಕೂದಲೆಳೆಯಷ್ಟು ಸರಿದರೆ ಏನಾಗುತ್ತದೆ ಎನ್ನುತ್ತೀರಾ? ಇದನ್ನೂ ಲೆಕ್ಕ ಹಾಕಿದೆ. ಟೈರು ಸೇರಿ ಚಕ್ರದ ತೂಕ 14 ಕೆ.ಜಿ. ಎಂದಿಟ್ಟುಕೊಳ್ಳಿ. ಅದು ಅರ್ಧ ಮಿಲಿಮೀಟರ್ ಪಕ್ಕಕ್ಕೆ ಕೂತರೆ, ರಿಮ್ಮಿನ ಅಂಚಿನಲ್ಲಿ ಸುಮಾರು 37 ಗ್ರಾಂ ಹೆಚ್ಚು ತೂಕ ಕಟ್ಟಿದ ಹಾಗೆ. 20 ಗ್ರಾಂ ಎಷ್ಟು ಎಳೆಯುತ್ತದೆ ಎಂದು ಮೇಲೆ ನೋಡಿದ್ದೇವೆ. ಇದು ಅದರ ಹತ್ತಿರ ಹತ್ತಿರ ಎರಡು ಪಟ್ಟು.

ಹಾಗಾದರೆ ಬ್ಯಾಲೆನ್ಸಿಂಗ್ ಮಶೀನ್ ಸೊನ್ನೆ ತೋರಿಸಿದ್ದು ಸುಳ್ಳೇ? ಅಲ್ಲ. ಮಶೀನಿನಲ್ಲಿ ಚಕ್ರದ ತೂತಿಗೆ ಶಂಕುವಿನ ಆಕಾರದ ಕೋನ್ ಹಾಕಿ ನಡುವೆ ಸರಿಯಾಗಿ ಕೂರಿಸುತ್ತಾರೆ. ಅಲ್ಲಿ ಚಕ್ರ ನಿಜವಾಗಿಯೂ ಸಮವಾಗಿತ್ತು. ಕಾರಿನ ಮೇಲೆ ಆ ಕೋನ್ ಇಲ್ಲ, ಬಳೆಯೂ ಇಲ್ಲ. ಮಶೀನಿನ ಮೇಲೆ ಕೂತ ರೀತಿ ಬೇರೆ, ಕಾರಿನ ಮೇಲೆ ಕೂತ ರೀತಿ ಬೇರೆ.

ಇದನ್ನು ಮಾಮೂ ಹೇಳುವಾಗ ನನಗೆ ನಮ್ಮ ಅಕೌಂಟೆನ್ಸಿ ಪಾಠ ನೆನಪಾಯಿತು. ಟ್ರಯಲ್ ಬ್ಯಾಲೆನ್ಸ್, ಅಂದರೆ ತಾಳೆಪಟ್ಟಿ, ಎರಡೂ ಕಡೆ ಸರಿಹೊಂದಿದ ಮಾತ್ರಕ್ಕೆ ಲೆಕ್ಕದಲ್ಲಿ ತಪ್ಪಿಲ್ಲ ಎಂದಲ್ಲ. ಒಂದು ವ್ಯವಹಾರವನ್ನು ಬರೆಯುವುದನ್ನೇ ಬಿಟ್ಟಿದ್ದರೆ ಡೆಬಿಟ್ಟೂ ಇಲ್ಲ, ಕ್ರೆಡಿಟ್ಟೂ ಇಲ್ಲ, ಪಟ್ಟಿ ಮಾತ್ರ ಟ್ಯಾಲಿ! ಈ ಪಾಠವನ್ನು ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅರ್ಥವಾಗಿದ್ದು ಶಾರ್ಜಾದಲ್ಲಿ ಒಂದು ಪ್ಲಾಸ್ಟಿಕ್ ಬಳೆ ನೋಡಿದಾಗ. ಮಶೀನು ತನ್ನ ಮುಂದೆ ಇಟ್ಟಿದ್ದನ್ನು ಮಾತ್ರ ಅಳೆಯುತ್ತದೆ. ಇಡದೇ ಬಿಟ್ಟಿದ್ದನ್ನು ಮನುಷ್ಯನೇ ಹುಡುಕಬೇಕು.

ಮಾಮೂ ನಾಲ್ಕು ಅಲ್ಯೂಮಿನಿಯಂ ಬಳೆ ತರಿಸಿದರು, ಒಂದಕ್ಕೆ ಹತ್ತು ದಿರ್ಹಮ್. ಪ್ಲಾಸ್ಟಿಕ್ ಬಳೆ ಬ್ರೇಕಿನ ಬಿಸಿಗೆ ಮೆತ್ತಗಾಗಬಹುದು ಎಂದು ಅಲ್ಯೂಮಿನಿಯಂ. ಹಬ್ಬಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿದರು. ಚಕ್ರ ನೆಲಕ್ಕೆ ತಾಗದ ಹಾಗೆ ಇಟ್ಟುಕೊಂಡೇ ನಾಲ್ಕೂ ನಟ್ಟನ್ನು ಮೊದಲು ಬೆರಳಿನಿಂದ ಹಾಕಿ, ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿದು, ಕೊನೆಗೆ ಟಾರ್ಕ್ ಪಾನಾದಲ್ಲಿ 100 ನ್ಯೂಟನ್ ಮೀಟರಿಗೆ ಮುಗಿಸಿದರು.

ಮತ್ತೆ ಅದೇ ರಸ್ತೆಗೆ ಹೋದೆವು. 85, 95, 100. ಮಾಮೂ ಎರಡು ಬೆರಳಿನಲ್ಲಿ ಸ್ಟೀರಿಂಗ್ ಹಿಡಿದಿದ್ದರು. 110ರಲ್ಲಿ ತುಂಬ ಸಣ್ಣ ಒಂದು ಜುಂ ಉಳಿದಿತ್ತು. "ಅದು ಹಳೆಯ ರಬ್ಬರಿನದು. ಮೂವತ್ತು ವರ್ಷದ ಗಾಡಿಗೆ ಅಷ್ಟು ಹಕ್ಕಿದೆ" ಎಂದರು.

ಒಟ್ಟು ಬಿಲ್ಲು, ಬಳೆಯ 40 ಸೇರಿ, 120 ದಿರ್ಹಮ್. ಮೇಷ್ಟ್ರು ಓಡಿಸಿ ನೋಡಿ ಬಂದು ಮಾಮೂ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಸೇಠ್ ಮಾತ್ರ ಎರಡು ದಿನ ಮಾಮೂ ಜೊತೆ ಸರಿಯಾಗಿ ಮಾತಾಡಲಿಲ್ಲ. 2,400ರ ಕೆಲಸ 120ಕ್ಕೆ ಮುಗಿದಿತ್ತಲ್ಲ. ರಾತ್ರಿ ನಾನು, "ಮಾಮೂ, ಕೆಲಸ ಹೋದರೆ?" ಎಂದು ಕೇಳಿದೆ. ಮಾಮೂ, "ರ‍್ಯಾಕ್ ಹಾಕಿದ್ದರೂ ನಡುಕ ಹೋಗುತ್ತಿರಲಿಲ್ಲ ಬೇಟಾ. ಆಗ ಅವರು ಯಾರ ಹೆಸರು ಹೇಳುತ್ತಿದ್ದರು?" ಎಂದರು. ಮುಂದಿನ ವಾರ ಮೇಷ್ಟ್ರು ತಮ್ಮ ಶಾಲೆಯ ಇನ್ನಿಬ್ಬರ ಕಾರು ಸರ್ವಿಸಿಗೆ ಕರೆತಂದರು. ಸೇಠ್ ಮತ್ತೆ ಮಾತಾಡತೊಡಗಿದರು.

ನಮ್ಮ ಮನೆಯ ಓಮ್ನಿ

ದಾವಣಗೆರೆಗೆ ವಾಪಸ್ ಬಂದಾಗ ಮಳೆ ಶುರುವಾಗಿತ್ತು. ಅಬ್ಬಾ ನಮ್ಮ ಹಳೆಯ ಓಮ್ನಿಯಲ್ಲಿ ಬೇಕರಿ ಮಾಲು ಹಾಕಿಕೊಂಡು ದಿನಾ ಹರಿಹರ, ರಾಣೆಬೆನ್ನೂರು ಕಡೆ ಹೋಗುತ್ತಾರೆ. ಒಂದು ಸಂಜೆ, "ಸ್ಟೀರಿಂಗ್ ಬಾಕ್ಸ್ ಹೋಗಿದೆಯಂತೆ, ಐದಾರು ಸಾವಿರ ಆಗುತ್ತಂತೆ" ಎಂದು ಅಮ್ಮಿಗೆ ಹೇಳುತ್ತಿದ್ದರು. 65ರಲ್ಲಿ ಸ್ಟೀರಿಂಗ್ ನಡುಗುತ್ತಿತ್ತಂತೆ.

ನಾನು ಮಾಮೂ ಹಾಗೆಯೇ ಕೇಳಿದೆ. "ಅಬ್ಬಾ, ಯಾವಾಗಿನಿಂದ?" ಮಂಗಳವಾರದಿಂದ. ಸೋಮವಾರ ಎಲ್ಲಿಗೆ ಹೋಗಿದ್ದಿರಿ? ಒಂದು ಹಳ್ಳಿಗೆ, ಮದುವೆ ಆರ್ಡರ್ ಕೊಡಲು. ಮಳೆಯಲ್ಲಿ ಹೊಲದ ದಾರಿ.

ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಮುಂದಿನ ಎರಡೂ ಚಕ್ರದ ಒಳಬದಿಯಲ್ಲಿ ಎರೆ ಮಣ್ಣು ಮೆತ್ತಿಕೊಂಡು ಒಣಗಿ ಕಲ್ಲಾಗಿತ್ತು, ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ಕೋಲಿನಿಂದ ಕೆರೆದು ನೀರು ಹಾಕಿ ತೊಳೆದೆ. ಮಾರನೇ ದಿನ ಅಬ್ಬಾ ಫೋನ್ ಮಾಡಿ, 65ರ ನಡುಕ ಹೋಗಿದೆ ಎಂದರು. ಖರ್ಚು ಸೊನ್ನೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. "30ರಲ್ಲಿ ಮಾತ್ರ ಸ್ವಲ್ಪ ಅತ್ತಿತ್ತ ಆಡುತ್ತೆ, ಪರವಾಗಿಲ್ಲ" ಎಂದರು ಅಬ್ಬಾ. ಪರವಾಗಿಲ್ಲ ಎನ್ನುವಂಥದ್ದಲ್ಲ ಎಂದು ನನಗೆ ಗೊತ್ತಿತ್ತು. ನಿಧಾನದಲ್ಲೇ ಆಡುವುದು ಬೇರೆ ಕಾಯಿಲೆ. ಸಂಜೆ ಗಾಡಿ ಬಂದಾಗ ಟೈರಿನ ಮೇಲೆ ಅಂಗೈ ಆಡಿಸಿದೆ. ಮುಂದಿನ ಬಲಗಡೆ ಟೈರಿನ ಒಳಬದಿಯಲ್ಲಿ, ಹೊರಗಿನಿಂದ ಕಾಣದ ಜಾಗದಲ್ಲಿ, ನಿಂಬೆಹಣ್ಣಿನಷ್ಟು ಉಬ್ಬು ಇತ್ತು. ಅಬ್ಬಾ ತಾವೇ ಮುಟ್ಟಿ ನೋಡಿ ಸ್ವಲ್ಪ ಹೊತ್ತು ಸುಮ್ಮನಾದರು. ಹಿಂದಿನ ಭಾನುವಾರ ಆ ಗಾಡಿಯಲ್ಲಿ ನಮ್ಮ ಮನೆಯವರೆಲ್ಲ ಹೈವೇ ಮೇಲೆ ಹೋಗಿ ಬಂದಿದ್ದೆವು. ಮರುದಿನ ಬೆಳಿಗ್ಗೆ ಮಾಲು ಹಾಕುವ ಮೊದಲೇ ಹೊಸ ಟೈರು ಹಾಕಿಸಿದರು. ಸ್ಟೀರಿಂಗ್ ಬಾಕ್ಸ್ ಬದಲಾಯಿಸಿದ್ದರೆ ಹಣ ಹೋಗುತ್ತಿತ್ತು, ಉಬ್ಬಿದ ಟೈರು ಮಾತ್ರ ಗಾಡಿಯಲ್ಲೇ ಇರುತ್ತಿತ್ತು.

ನೀವು ನೆನಪಿಡಬೇಕಾದದ್ದು

ನಿಮ್ಮ ಮನೆಯ ಗಾಡಿ ನಡುಗಿದರೆ ಈ ಕ್ರಮದಲ್ಲಿ ನೋಡಿ. ಖರ್ಚಿಲ್ಲದ್ದು ಮೊದಲು, ಖರ್ಚಿನದ್ದು ಕೊನೆಗೆ.

1. ಯಾವಾಗಿನಿಂದ, ಎಷ್ಟು ವೇಗದಲ್ಲಿ, ಬ್ರೇಕ್ ಒತ್ತಿದಾಗಲೋ ಸುಮ್ಮನೆಯೋ, ಸ್ಟೀರಿಂಗೋ ಸೀಟೋ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮೆಕ್ಯಾನಿಕ್‌ಗೆ ಆ ಚೀಟಿಯನ್ನೇ ತೋರಿಸಿ.

2. ಗಾಳಿ, ಚಕ್ರದ ನಟ್ಟು, ರಿಮ್ಮಿನ ಒಳಗಿನ ಮಣ್ಣು, ಟೈರಿನ ಎರಡೂ ಬದಿಯ ಉಬ್ಬು, ತಯಾರಿಕೆಯ ದಿನಾಂಕ ನೋಡಿ. ಇದಕ್ಕೆ ಹತ್ತು ನಿಮಿಷ ಸಾಕು.

3. ಇದ್ದಕ್ಕಿದ್ದ ಹಾಗೆ ಶುರುವಾಗಿ ಬೇಗ ಹೆಚ್ಚುತ್ತಿರುವ ನಡುಕಕ್ಕೆ ಗಾಡಿ ನಿಲ್ಲಿಸಿ. ನಟ್ಟು ಸಡಿಲವಾಗಿರಬಹುದು ಅಥವಾ ಟೈರು ಬಿಟ್ಟುಕೊಳ್ಳುತ್ತಿರಬಹುದು.

4. ಆಮೇಲೆ ಬ್ಯಾಲೆನ್ಸಿಂಗ್. ಅಂಗಡಿಯ ಬೋರ್ಡಿನಲ್ಲಿ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಎಂದು ಒಟ್ಟಿಗೆ ಬರೆದಿರುತ್ತಾರೆ. ಎರಡೂ ಒಂದೇ ಅಲ್ಲ. ಅಲೈನ್‌ಮೆಂಟ್ ತಪ್ಪಿದರೆ ಗಾಡಿ ಒಂದು ಕಡೆ ಎಳೆಯುತ್ತದೆ, ಟೈರು ಒಂದು ಅಂಚಿನಲ್ಲಿ ಸವೆಯುತ್ತದೆ. ವೇಗದಲ್ಲಿ ನಡುಗುವುದಕ್ಕೆ ಮೊದಲು ಬ್ಯಾಲೆನ್ಸಿಂಗ್ ಕೇಳಿ.

5. ಹೊರಗಿನ ಅಲಾಯ್ ಹಾಕಿಸಿದ್ದರೆ ಹಬ್ ರಿಂಗ್ ಇದೆಯೇ ಕೇಳಿ. ಟೈರು ಬದಲಾಯಿಸುವಾಗ ಪಕ್ಕದಲ್ಲೇ ನಿಂತು ನೋಡಿ.

6. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಓಡಿಸಿ ನೋಡಿ. ನಾಲ್ಕು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ.

7. ರ‍್ಯಾಕ್, ಬಾಲ್ ಜಾಯಿಂಟ್, ಬುಷ್ ಕೊನೆಗೆ. ಅದೂ ಅಲುಗಾಡಿಸಿ ಸಡಿಲ ತೋರಿಸಿದ ಮೇಲೆ ಮಾತ್ರ.

ನಮ್ಮ ಮನೆಗೆ ಬಂದವರು ಮಾಮೂ ಬಗ್ಗೆ ಕೇಳಿದರೆ ಮೊದಲೆಲ್ಲ ನಾನು "ದುಬೈ ಕಡೆ ಇದ್ದಾರೆ" ಎಂದಷ್ಟೇ ಹೇಳುತ್ತಿದ್ದೆ. ಏನು ಕೆಲಸ ಎಂದು ಹೇಳಲು ಸಂಕೋಚವಾಗುತ್ತಿತ್ತು. ಈಗ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಎಂದು ಹೇಳುತ್ತೇನೆ. ಯಾರಾದರೂ ಕೂತು ಕೇಳಿದರೆ ಆ ಹತ್ತು ದಿರ್ಹಮ್ ಬಳೆಯ ಕಥೆಯನ್ನೂ ಹೇಳುತ್ತೇನೆ.